ಹಂಗಿಲ್ಲದ ಚಪ್ಪರ

ಮಗಳ ಮದುವೆ ತನ್ನ ಹಿತ್ತಿಲಲ್ಲೇ ಎಂದು ಸುಂದರಿ ಬಾಯಿಬಿಟ್ಟು ಹೇಳಿದ ದಿನ ಕೇರಿಯಲ್ಲಿ ನಗದೆ ಉಳಿದವರು ಇಬ್ಬರೇ. ಒಬ್ಬಳು ಮದುಮಗಳಾಗಬೇಕಿದ್ದ ವನಜ, ಇನ್ನೊಬ್ಬ ಬಲೆಯ ಯಜಮಾನ ಚೆನ್ನಯ್ಯ. ವನಜಳಿಗೆ ಹೆದರಿಕೆ, ಚೆನ್ನಯ್ಯನಿಗೆ ಸಿಟ್ಟು. ಉಳಿದವರು ನಕ್ಕದ್ದರಲ್ಲಿ ತಪ್ಪೂ ಇರಲಿಲ್ಲ. ಕುಂಭಾಶಿಯಿಂದ ಪಡುವಣಕ್ಕೆ, ಕಡಲ ಮರಳಿನ ಮೇಲೆ ಕೂತಿದ್ದ ಆ ಮೀನುಗಾರರ ಕೇರಿಯಲ್ಲಿ ಮದುವೆ ಎಂದರೆ ಚೆನ್ನಯ್ಯನ ಅಂಗಳವೇ. ಅವನ ಅಪ್ಪನ ಕಾಲದಿಂದ ಹಾಗೇ ನಡೆದುಬಂದಿತ್ತು.

ಚೆನ್ನಯ್ಯನ ಅಂಗಳ ದೊಡ್ಡದು. ನೂರು ಎಲೆ ಒಂದೇ ಪಂಕ್ತಿಗೆ ಹಾಕಬಹುದು. ಹಂಡೆ, ಕೊಪ್ಪರಿಗೆ, ಚಪ್ಪರದ ಕಂಬ, ಎಲ್ಲ ಅವನದೇ. ಅದಕ್ಕೆಲ್ಲ ಅವನು ಒಂದು ಕಾಸು ತೆಗೆದುಕೊಂಡವನಲ್ಲ. ‘ನಮ್ಮ ಮಕ್ಕಳೇ ಅಲ್ದಾ’ ಎಂದು ಎಲೆಯಡಿಕೆ ಮೆಲ್ಲುತ್ತ ಹೇಳಿಬಿಡುತ್ತಿದ್ದ. ಆದರೆ ಆ ಅಂಗಳದಲ್ಲಿ ಧಾರೆಯಾದ ಮನೆಯ ಮೀನಿನ ಪಾಲು ಮಾರನೆಯ ದಿನದಿಂದ ಅವನು ಮೀನು ಒಣಗಿಸಿ ಮಾರುವ ಕಳಕ್ಕೇ ಹೋಗಬೇಕು, ಅವನು ಹೇಳಿದ ಬೆಲೆಗೇ ಹೋಗಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಒಂದು ದಿನ ಹರಿದು ಹಾಕಬಹುದಿತ್ತು. ಜನ ಅದನ್ನು ಚಪ್ಪರದ ಹಂಗು ಎನ್ನುತ್ತಿದ್ದರು.

ಸುಂದರಿಯ ಮದುವೆಯೂ ಅಲ್ಲೇ ಆದದ್ದು. ಗಂಡ ಬಚ್ಚ ಹದಿನಾರು ವರ್ಷ ಆ ಹಂಗನ್ನು ಹೊತ್ತ. ಒಂದು ಮಳೆಗಾಲದ ಮೊದಲ ವಾರ ಕಡಲಿಗೆ ಹೋದವನು ತಿರುಗಿ ಬರಲಿಲ್ಲ; ದೋಣಿ ಮಾತ್ರ ಮಗುಚಿಕೊಂಡು ದಡಕ್ಕೆ ಬಂತು. ಅವನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಎಲೆ ಇನ್ನೂ ಎತ್ತಿರಲಿಲ್ಲ, ಚೆನ್ನಯ್ಯ ಜಗಲಿಗೆ ಬಂದು ಕೂತು, ‘ಬಚ್ಚ ಹೋದ. ಚಪ್ಪರ ಹೋಯ್ಲಿಲ್ಲ ಅಲ್ದಾ? ಇನ್ಮೇಲೆ ನಿನ್ನ ತಮ್ಮನ ಪಾಲ್ ನಮ್ಮಲ್ಲಿಗೆ ಬರ್ಲಿ’ ಎಂದಿದ್ದ. ತಮ್ಮ ಗುಡ್ಡ ತಲೆ ತಗ್ಗಿಸಿ ಹೂಂಗುಟ್ಟಿದ. ಸುಂದರಿ ಒಳಗೆ ಬಾಗಿಲ ಮರೆಯಲ್ಲಿದ್ದಳು. ಅಳು ಬರಬೇಕಾದಲ್ಲಿ ಅವಳಿಗೆ ಕೋಪ ಬಂತು, ಬಂದ ಕೋಪ ಎಂಟು ವರ್ಷವಾದರೂ ಇಳಿಯಲಿಲ್ಲ. ವನಜಳ ಧಾರೆ ಆ ಅಂಗಳದಲ್ಲಿ ಆಗಕೂಡದು ಎಂದು ಅವಳು ಅವತ್ತೇ ಗಟ್ಟಿ ಮಾಡಿಕೊಂಡದ್ದು.

ಗಂಡು ಗುಲ್ವಾಡಿಯವನು, ಹೊಳೆಯಲ್ಲಿ ದೋಣಿ ನಡೆಸುವ ಶೀನ. ಮಾಘದಲ್ಲಿ ಮುಹೂರ್ತ ಗೊತ್ತಾಯಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಅಕ್ಕಿಗೆ ಚೀಟಿ, ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ. ಸೀರೆಗೆ ಚೀಟಿ ಇದ್ದರೂ ಅಂಗಡಿಯಲ್ಲಿ ಸೀರೆ ಇರುತ್ತಿರಲಿಲ್ಲ. ಇಂಥ ಕಾಲದಲ್ಲಿ ಮೀನಿನ ಬುಟ್ಟಿ ಹೊರುವ ವಿಧವೆ ಸ್ವಂತ ಖರ್ಚಿನಲ್ಲಿ ನೂರಿಪ್ಪತ್ತು ಜನರಿಗೆ ಎಲೆ ಹಾಕುತ್ತೇನೆ ಎಂದರೆ ಯಾರಿಗಾದರೂ ನಗು ಬರುವುದೇ.

ಸುಂದರಿಗೆ ಓದು ಬರಹ ಬಾರದು, ಲೆಕ್ಕ ಚೆನ್ನಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಅವಳು ಕಡಲ ಬದಿಯಿಂದ ಅರುವತ್ತೆರಡು ಕಪ್ಪೆಚಿಪ್ಪು ಹೆಕ್ಕಿ ತಂದು ಜಗಲಿಯ ಚಾಪೆಯ ಮೇಲೆ ಸುರಿದಳು. ಗಡಿಗೆಯಲ್ಲಿ ಕೂಡಿಟ್ಟದ್ದು ಅರುವತ್ತೆರಡು ರೂಪಾಯಿ, ರೂಪಾಯಿಗೊಂದು ಚಿಪ್ಪು. ನೆರೆಮನೆಯ ಮುದುಕಿ ಅಪ್ಪಿ ಕವಳ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ಅಪ್ಪಿಯ ಮೊಮ್ಮಗಳು ಸುಗುಣ ಬಾಗಿಲ ಹತ್ತಿರ ನಿಂತಳು. ಅವಳಿಗೂ ಮದುವೆಯ ವಯಸ್ಸು, ನೋಡಲು ಕುತೂಹಲ.

“ಅಕ್ಕಿಗೆ ಹದ್ನಾಲ್ಕ್,” ಎಂದು ಸುಂದರಿ ಹದಿನಾಲ್ಕು ಚಿಪ್ಪು ಸಾಲಾಗಿ ಇಟ್ಟಳು. ಒಂದು ಗಳಿಗೆ ನೋಡಿ ಅಷ್ಟನ್ನೂ ಗೋರಿ ತಿರುಗಿ ರಾಶಿಗೆ ಹಾಕಿದಳು. “ಬೇಡ. ಒಣ ಸಿಗ್ಡಿ ಮೂರ್ ಮಡಕಿ ಇಟ್ಟಿದೆ. ಕೋಟದ ಬದಿ ಶೆಟ್ರ ಮನಿಯವ್ರ್ ಸಿಗ್ಡಿಗೆ ಅಕ್ಕಿ ಅಳೀತ್ರ್. ಬಾಳಿ ಎಲಿಯೂ ಅವ್ರೇ ಕೊಡ್ತ್ರ್.”

“ಹಂಡಿ?” ಎಂದಳು ಅಪ್ಪಿ. “ಚೆನ್ನಯ್ಯನ ಹಂಡಿ ಇಲ್ದೆ ನೂರ್ ಜನಕ್ಕೆ ಎಂತದ್ರಾಗ್ ಬೇಯಿಸ್ತೆ?”

“ಅವ್ನದ್ದ್ ಬಿಟ್ಟ್ ಕೇರಿಯಾಗೆ ಹನ್ನೊಂದ್ ಮನಿ. ಹನ್ನೊಂದ್ ಒಲಿ. ಒಬ್ಬೊಬ್ರ್ ಅವ್ರವ್ರ ಮಡಕಿಯಾಗ್ ಅನ್ನ ಮಾಡಿ ತಂದ್ರೆ ಸಾಕ್. ಅಕ್ಕಿ ನಾ ಕೊಡ್ತೆ.”

ಹಂಡೆಯ ಸಾಲಿಗೆ ಒಂದು ಚಿಪ್ಪೂ ಬೀಳಲಿಲ್ಲ. ಸೌದೆಗೂ ಬೀಳಲಿಲ್ಲ, ಹಿತ್ತಿಲಲ್ಲಿ ಬಚ್ಚನ ಒಡೆದ ದೋಣಿ ಎಂಟು ವರ್ಷದಿಂದ ಮಲಗಿತ್ತು, ಅದರ ಹಲಗೆ ಇತ್ತು. ತಾಳಿಗೆ ಅವಳ ಕಿವಿಯ ಬುಗುಡಿ ಕರಗುತ್ತದೆ, ಕೂಲಿ ಮೂರು. ಧಾರೆ ಸೀರೆಗೆ ಹನ್ನೆರಡು ಇಟ್ಟಾಗ ವನಜ, “ಅಬ್ಬೀ, ಎಂಟರದ್ದ್ ಸಾಕ್” ಎಂದಳು. ಸುಂದರಿ ಕೇಳಿಸಿಕೊಳ್ಳಲಿಲ್ಲ. ಬೆಲ್ಲ, ಬೇಳೆ, ಕಾಯಿ, ಎಣ್ಣೆ, ಗಂಡಿಗೆ ಪಂಚೆ, ಡೋಲು ವಾದ್ಯ ಎಂದು ಸಾಲು ಸಾಲು ಇಡುತ್ತ ಹೋದಳು. ಊಟಕ್ಕೆ ತಲೆ ಎಣಿಸುವಾಗ ಕೇರಿಯ ಒಬ್ಬರನ್ನೂ ಬಿಡಲಿಲ್ಲ, ಚೆನ್ನಯ್ಯನ ಮನೆಯ ಏಳು ಜನರನ್ನೂ ಸೇರಿಸಿದಳು.

“ಅವ್ರ್ ಬತ್ರಾ?” ಎಂದು ಅಪ್ಪಿ ನಕ್ಕಳು.

“ಬಪ್ಪುದು ಬಿಡೂದು ಅವ್ರಿಗೆ ಬಿಟ್ಟದ್ದ್. ಎಲಿ ಹಾಕೂದ್ ನಂಗೆ ಬಿಟ್ಟದ್ದ್.”

ಕೊನೆಗೆ ಹತ್ತು ಚಿಪ್ಪು ಉಳಿಯಿತು. ಮದುವೆಯ ದಿನ ಅನ್ನ, ಸಾರು, ಪಾಯಸ ಸರಿ. ಮಾರನೆಯ ದಿನ ಬೀಗರಿಗೆ ಮೀನಿನ ಊಟ ಹಾಕಬೇಕು, ಹಾಕದಿದ್ದರೆ ಮರ್ಯಾದೆ ಇಲ್ಲ. ಹತ್ತಿರದ ಕೋಡಿ ಊರಲ್ಲಿ ಕೊಂಡರೂ ಅಷ್ಟು ಜನಕ್ಕೆ ಇಪ್ಪತ್ತೈದು ರೂಪಾಯಿಯ ಮೀನು ಬೇಕು. ಸುಂದರಿ ಆ ಹತ್ತು ಚಿಪ್ಪನ್ನು ಒಂದು ಬದಿ ಇಟ್ಟು ಸುಮ್ಮನೆ ನೋಡಿದಳು. ಕಡಲ ಬಾಯಲ್ಲೇ ಕೂತ ಕೇರಿ, ಹುಟ್ಟಿದಂದಿನಿಂದ ಮೀನು ಹೊತ್ತ ತಲೆ, ಆದರೂ ಮಗಳ ಮದುವೆಗೆ ಸಾಲದೆ ಬಂದದ್ದು ಮೀನೇ! ಕೇರಿಯ ಪಾಲೆಲ್ಲ ಚೆನ್ನಯ್ಯನ ಕಳಕ್ಕೆ ಹೋಗುವಾಗ ಅವಳಿಗೆ ಕೊಡುವವರು ಯಾರು? ಅವಳಿಗೆ ನಾಚಿಕೆಯೂ ಆಯಿತು, ಹಲ್ಲು ಕಡಿಯುವಷ್ಟು ಸಿಟ್ಟೂ ಬಂತು.

ಚಪ್ಪರ ಹಾಕುವ ದಿನ ಚೆನ್ನಯ್ಯ ಖುದ್ದಾಗಿ ಹಿತ್ತಿಲಿಗೆ ಬಂದ. ಅಲ್ಲಿಯವರೆಗೆ ಕೇರಿಯ ಯಾವ ಮದುವೆಗೂ ಮೊದಲ ಕಂಬ ನೆಡುತ್ತಿದ್ದುದು ಅವನದೇ ಕೈ.

“ಹ್ವಾಯ್ ಸುಂದರಿ, ಎಂತ ಇದ್? ನಮ್ಮ ಅಂಗಳದಾಗೆ ಮುಳ್ ಬಿದ್ದಿತ್ತಾ?”

“ನಿಮ್ಮ ಅಂಗಳಕ್ಕೆ ಎಂತ ಆಯ್ಲಿಲ್ಲ ಯಜಮಾನ್ರೆ. ನಂಗೆ ಹಿತ್ಲ್ ಇತ್ತ್, ಅಷ್ಟೇ.”

“ನಾನೊಂದ್ ಕಾಸ್ ಕೇಂಡಿದ್ನಾ?”

“ಕಾಸ್ ಕೇಂಡಿದ್ರೆ ಕೊಟ್ಟ್ ಮುಗ್ಸ್‌ತಿದ್ದೆ. ನೀವ್ ಕೇಂಬುದ್ ಮುಗಿಯೂದೇ ಇಲ್ಲೆ.”

ಚೆನ್ನಯ್ಯನ ಮುಖ ಕೆಂಪಾಯಿತು. “ಗಂಡ ಇಲ್ದವಳ ಚಪ್ಪರಕ್ಕೆ ಕಂಬ ನೆಡೂಕೆ ನಾ ಕೈ ಹಾಕುದಿಲ್ಲ. ಕೇರಿಯಾಗ್ ಬೇರೆ ಯಾರೂ ಹಾಕುದಿಲ್ಲ. ನೀ ಹ್ಯಾಂಗ್ ನೆಡ್ತೆ ಕಾಂಬ.”

ಸುಂದರಿ ಮಗಳನ್ನು ಕರೆದಳು. ಬಚ್ಚನ ದೋಣಿಯ ಕೂವೆಮರವನ್ನು, ಹಾಯಿ ಕಟ್ಟುತ್ತಿದ್ದ ಆ ಉದ್ದದ ಕಂಬವನ್ನು, ಒಂದು ತುದಿ ತಾನು ಒಂದು ತುದಿ ವನಜ ಹಿಡಿದು ಎಳೆದು ತಂದರು. ಅವನು ನಿಂತು ನೋಡುತ್ತಿದ್ದಂತೆಯೇ ಗುಂಡಿಗೆ ಇಳಿಸಿ, ಕಾಲಲ್ಲಿ ಮರಳು ಮೆಟ್ಟಿ ಗಟ್ಟಿ ಮಾಡಿದಳು.

“ಗಂಡ ಇದ್ದ, ಯಜಮಾನ್ರೆ. ಅವನದ್ದೇ ಕಂಬ ಇದ್.”

ಚೆನ್ನಯ್ಯ ಹೋದ. ಅವತ್ತಿನಿಂದ ಅವನ ಕಳದಲ್ಲಿ ಅವಳ ಬುಟ್ಟಿಗೆ ಮೀನು ಬೀಳುವುದು ನಿಂತಿತು. ಸುಂದರಿ ಬೆಳಗಿನ ಜಾವ ಎದ್ದು ಕೋಡಿಯವರೆಗೆ ನಡೆದು ಮೀನು ಕೊಂಡು, ಅಲ್ಲಿಂದ ಹಿಂದಕ್ಕೆ ಕೋಟದ ಬದಿಗೆ ನಡೆದು ಮಾರಿದಳು. ಒಮ್ಮೆ ಬ್ರಹ್ಮಾವರದ ಸಂತೆಯವರೆಗೂ ಹೋದಳು. ಕಾಲಿನ ಹಿಮ್ಮಡಿ ಒಡೆಯಿತು. ಆದರೆ ಗಡಿಗೆಯ ದುಡ್ಡು ಒಂದು ರೂಪಾಯಿಯೂ ಇಳಿಯಲಿಲ್ಲ.

ಮದುವೆಗೆ ನಾಲ್ಕು ದಿನ ಇರುವಾಗ ಗುಡ್ಡ ಬಂದ. ಚೆನ್ನಯ್ಯನದು ದಡದಿಂದ ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ, ಗುಡ್ಡ ಅದರಲ್ಲಿ ಪಾಲು ಹಾಕುವವನು. ಎಳೆದ ಮೀನನ್ನು ಮರಳ ಮೇಲೆ ಗುಪ್ಪೆ ಗುಪ್ಪೆಯಾಗಿ ಹಂಚುವುದು ಅವನ ಕೆಲಸ. ಒಂದು ಗುಪ್ಪೆ ಹೆಚ್ಚಲ್ಲ, ಒಂದು ಕಡಿಮೆಯಲ್ಲ, ಅವನ ಕೈಯ ಮೇಲೆ ಕೇರಿಗೆಲ್ಲ ನಂಬಿಕೆ. ಆದರೆ ಆ ಕೈಗೆ ಇದ್ದ ಧೈರ್ಯ ಬಾಯಿಗೆ ಇರಲಿಲ್ಲ.

“ಅಕ್ಕ,” ಎಂದ ಅವನು, ಅಂಗಳದಲ್ಲೇ ನಿಂತು. “ಮದಿ ದಿನ ಬಲಿ ಬಿಡ್ತ್ರಂಬ್ರ್.”

ಸುಂದರಿ ಒನಕೆ ಕೆಳಗಿಟ್ಟಳು. ಬಲೆ ಎಳೆಯುವ ದಿನ ಬಾರದವನಿಗೆ ಆ ಹಂಗಾಮಿನ ಪಾಲೇ ಇಲ್ಲ ಎಂಬುದು ಬಲೆಯ ಕಟ್ಟಳೆ. ಅಂದರೆ ಕೇರಿಯ ಗಂಡಸರೆಲ್ಲ ಕಡಲ ಬದಿ, ಚಪ್ಪರದಲ್ಲಿ ಹೆಂಗಸರು ಮಾತ್ರ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಧಾರೆ ಎರೆಯಬೇಕಾದ ಸೋದರಮಾವ ಗುಡ್ಡನೇ. ಅವನಿಲ್ಲದೆ ಧಾರೆಯಿಲ್ಲ, ಧಾರೆಯಿಲ್ಲದೆ ಮದುವೆಯಿಲ್ಲ.

“ನಾ ಎಂತ ಮಾಡ್ಲಿ ಅಕ್ಕ? ಮನಿಯಾಗೆ ನಾಲ್ಕ್ ಮಕ್ಕಳ್.”

ಬೈಯಬೇಕೆಂದು ಅವಳಿಗೆ ಅನಿಸಿತು. ಅವನ ಬತ್ತಿದ ಮುಖ ನೋಡಿ ಬೈಯಲಿಲ್ಲ. “ನೀನ್ ಹೋಯ್ ಎಳಿ,” ಎಂದಳು. “ಮಕ್ಕಳ ಗಂಜಿ ಬಿಟ್ಟ್ ಬಾ ಅಂತ ನಾ ಹೇಳ್ತಿಲ್ಲೆ.” ಅವನು ಹೋದ ಮೇಲೆ ಅವಳು ಕೂವೆಮರಕ್ಕೆ ಒರಗಿ ಕೂತು ಅತ್ತಳು. ಎಂಟು ವರ್ಷದಲ್ಲಿ ಅತ್ತದ್ದು ಅದೊಂದೇ ಸಲ. ಆಮೇಲೆ ಮುಖ ತೊಳೆದು ಮತ್ತೆ ಅಕ್ಕಿ ಕೇರಲು ಕೂತಳು.

ಮದುವೆಯ ದಿನ ಬೆಳಕು ಹರಿಯುವಾಗ ಹನ್ನೊಂದು ಮನೆಯ ಮಾಡಿನಿಂದಲೂ ಹೊಗೆ ಎದ್ದಿತು. ಅಕ್ಕಿ ಒಯ್ದಿದ್ದ ಹೆಂಗಸರು ಮಾತು ತಪ್ಪಲಿಲ್ಲ. ಒಬ್ಬೊಬ್ಬಳೇ ಅನ್ನದ ಮಡಕೆ ಹೊತ್ತು ಹಿತ್ತಿಲ ಬಾಗಿಲಿಂದ ಬಂದರು. ಬಿಸಿಲು ಏರುವಷ್ಟರಲ್ಲಿ ಗುಲ್ವಾಡಿಯ ದಿಬ್ಬಣವೂ ಬಂತು: ಕುಂದಾಪುರದವರೆಗೆ ದೋಣಿಯಲ್ಲಿ, ಕೋಡಿಯಿಂದ ಕಡಲ ಬದಿ ನಡಿಗೆ. ನಲವತ್ತು ಜನ. ಹುಟ್ಟು ಹಾಕಿ ಹಾಕಿ ತೋಳು ಗಟ್ಟಿಯಾದ ಹೊಳೆಯ ಗಂಡಸರೇ ಹೆಚ್ಚು.

ಅವರಿಗೆ ಪಾನಕ ಕೊಡುತ್ತಿದ್ದಾಗಲೇ ಕಡಲ ಬದಿಯಿಂದ ಕೊಂಬಿನ ಕೂಗು ಕೇಳಿತು. ಮೀನು ದಡಕ್ಕೆ ಬಂದಿದೆ, ಬಲೆ ಬಿಟ್ಟಾಗಿದೆ ಎಂದು ಅದರರ್ಥ. ಚಪ್ಪರದ ಹತ್ತಿರ ಅಳುಕುತ್ತ ನಿಂತಿದ್ದ ನಾಲ್ಕಾರು ಗಂಡಸರೂ ತಲೆ ತಗ್ಗಿಸಿ ಆ ಕಡೆ ಹೋದರು.

ಗಂಡಿನ ಅಪ್ಪ ಸುತ್ತ ನೋಡಿದ. “ಬೀಗಿತ್ತಿ, ಹೆಣ್ಣಿನ ಸೋದರಮಾವ ಎಲ್ಲಿ? ಮುಹೂರ್ತಕ್ಕೆ ಇನ್ನ್ ಮೂರೇ ತಾಸ್.”

ಸುಂದರಿ ಏನನ್ನೂ ಮುಚ್ಚಿಡಲಿಲ್ಲ. ಅಂಗಳದ ಮಾತು, ಹಂಗಿನ ಮಾತು, ಇವತ್ತೇ ಬಲೆ ಬಿಟ್ಟ ಕಾರಣ, ಎಲ್ಲ ಹೇಳಿದಳು. ಹೇಳುವಾಗ ಅವಳ ಕಿವಿ ಬಿಸಿಯಾಯಿತು. ಬೀಗರ ಮುಂದೆ ಮೊದಲ ದಿನವೇ ಹೀಗೆ ನಿಲ್ಲಬೇಕಾಯಿತಲ್ಲ! ಗಂಡಿನ ಅಪ್ಪ ಪಾನಕದ ಲೋಟ ಕೆಳಗಿಟ್ಟ. ಹೂ ಮುಡಿದುಕೊಂಡು ಒಳಗೆ ಕೂತಿದ್ದ ವನಜ ಬಿಕ್ಕುವುದು ಹೊರಗೆ ಕೇಳುತ್ತಿತ್ತು.

ಆ ಬಿಕ್ಕು ಕೇಳಿಯೇ ಸುಂದರಿಯ ತಲೆ ಓಡಿತೋ ಏನೋ. ಬಲೆಯ ಮೂವತ್ತು ಜನ ಎಳೆದರೆ ಆ ಮಹಾ ಬಲೆ ದಡ ಸೇರಲು ಹೊತ್ತು ಇಳಿಯಬೇಕು. ಮೂರರಷ್ಟು ಜನ ಎಳೆದರೆ? ಮತ್ತೊಂದು ಕಟ್ಟಳೆಯೂ ಇತ್ತು; ಅದು ಚೆನ್ನಯ್ಯನ ಅಪ್ಪನಿಗಿಂತಲೂ ಹಳೆಯದು. ಬಲೆಯ ಹಗ್ಗಕ್ಕೆ ಕೈ ಹಾಕಿದವರು ಯಾರೇ ಆಗಲಿ, ದಾರಿಹೋಕರೇ ಆಗಲಿ, ಅವರಿಗೊಂದು ಪಾಲು. ಸುಂದರಿ ಒಮ್ಮೆಲೇ ನಕ್ಕಳು. ಅಪ್ಪಿಗೆ ಗಾಬರಿಯಾಯಿತು.

“ಹ್ವಾಯ್ ಬೀಗ್ರೆ, ನಿಮ್ಮಲ್ಲಿ ಹಗ್ಗ ಎಳೂಕೆ ಬಪ್ಪವ್ರ್ ಎಷ್ಟ್ ಜನ?”

ಗಂಡಿನ ಅಪ್ಪ ಹೆಗಲ ಶಾಲು ತೆಗೆದು ಮಗನ ಕೈಗೆ ಕೊಟ್ಟ. ಅವನಿಗೆ ಅರ್ಥವಾಗಿತ್ತು. “ಹೊಳಿ ಬದಿ ಹುಟ್ಟಿದವ್ರ್ ನಾವ್. ಎಲ್ಲರೂ ಬತ್ತ್.”

ಕಡಲ ಬದಿಯಲ್ಲಿ ನಿಂತಿದ್ದ ಚೆನ್ನಯ್ಯ ಮೊದಲು ಡೋಲಿನ ಸದ್ದು ಕೇಳಿದ, ಆಮೇಲೆ ನೋಡಿದ. ಮರಳ ದಿಬ್ಬದ ಮೇಲಿಂದ ಇಡೀ ಮದುವೆ ಇಳಿದು ಬರುತ್ತಿತ್ತು. ಮುಂದೆ ಸೆರಗು ಸೊಂಟಕ್ಕೆ ಬಿಗಿದ ಸುಂದರಿ, ಹಿಂದೆ ಗುಲ್ವಾಡಿಯ ನಲವತ್ತು ಜನ, ಅವರ ಹಿಂದೆ ಕೇರಿಯ ಹೆಂಗಸರು, ಬಾಸಿಂಗ ಕಟ್ಟಿದ ಗಂಡು, ಹನ್ನೆರಡು ರೂಪಾಯಿಯ ಸೀರೆ ಎತ್ತಿ ಕಟ್ಟಿದ ಹೆಣ್ಣು, ಸುಗುಣಳ ತೋಳು ಹಿಡಿದ ಅಪ್ಪಿ. ಸುಂದರಿ ನೇರ ಹೋಗಿ ಗುಡ್ಡನ ಹಿಂದೆ ಹಗ್ಗ ಹಿಡಿದಳು.

“ಅಕ್ಕ, ಎಂತ ಮಾಡ್ತೆ?”

“ಮುಹೂರ್ತ ತಪ್ಪೂಕಾಗ. ಬಲಿ ಬೇಗ ಬರ್ಕ್. ಎಳಿ!”

“ಹೆಂಗಸ್ರ್ ಹಗ್ಗ ಮುಟ್ಟೂಕಾಗ!” ಎಂದು ಚೆನ್ನಯ್ಯ ಕೂಗಿದ.

“ಹಗ್ಗ ಹೊಸ್ದದ್ದ್ ಯಾರ್ ಯಜಮಾನ್ರೆ? ನಾವೇ ಅಲ್ದಾ? ಹೊಸೂಕೆ ಆತ್ತ್, ಎಳೂಕೆ ಆತ್ತಿಲ್ಯಾ?”

ಕೇರಿಯ ಹೆಂಗಸರು ಮಳೆಗಾಲವಿಡೀ ತೊಡೆಯ ಮೇಲೆ ಹುರಿ ಹೊಸೆದೇ ಆ ಹಗ್ಗ ಆದದ್ದು. ಅಷ್ಟರಲ್ಲಿ ಗುಲ್ವಾಡಿಯವರು ಎರಡು ತುದಿಗೂ ಹಂಚಿಕೊಂಡು ನಿಂತಾಗಿತ್ತು. ‘ಐಸಾ’ ಎಂಬ ಕೂಗಿಗೆ ಹಗ್ಗ ಬಿಗಿಯಿತು, ಮರಳು ಜಾರಿತು. ವನಜಳ ಬಳೆ ಎರಡು ಒಡೆದವು. ಅವಳು ಅಳುತ್ತಿರಲಿಲ್ಲ, ಹಲ್ಲು ಕಚ್ಚಿ ಎಳೆಯುತ್ತಿದ್ದಳು. ಹೊತ್ತು ಇಳಿಯುವವರೆಗೆ ಬೇಕಾಗಿದ್ದ ಕೆಲಸ ಒಂದೂವರೆ ತಾಸಿಗೆ ಮುಗಿಯಿತು. ಬಲೆಯ ಹೊಟ್ಟೆ ಮರಳಿಗೆ ಬಂದಾಗ ಅದರ ತುಂಬ ಬಂಗುಡೆ. ಆ ವರ್ಷ ಅಷ್ಟು ಮೀನು ಒಂದು ಸಲವೂ ಸಿಕ್ಕಿರಲಿಲ್ಲ.

ಪಾಲಿನ ಹೊತ್ತಿಗೆ ಎಲ್ಲರೂ ಮೀನಿನ ರಾಶಿಯ ಸುತ್ತ ಸೇರಿದರು.

“ಗುಡ್ಡ,” ಎಂದ ಚೆನ್ನಯ್ಯ. “ನಮ್ಮ ಬಲಿಯವ್ರಿಗೆ ಮಾತ್ರ ಗುಪ್ಪಿ ಹಾಕ್.”

ಗುಡ್ಡ ಬುಟ್ಟಿ ಹಿಡಿದು ನಿಂತ. ತಾನು ಹೇಳಿ ಮಾಡಿಸಿದರೆ ಅದು ಅವನದಾಗುವುದಿಲ್ಲ ಎಂದು ಸುಂದರಿಗೆ ಗೊತ್ತಿತ್ತು. ಗುಡ್ಡ ಒಮ್ಮೆ ಅಕ್ಕನ ಮುಖ ನೋಡಿದ, ಒಮ್ಮೆ ವನಜಳ ಅಂಗೈ ನೋಡಿದ. ಹಗ್ಗ ತಿಂದು ಅದು ಕೆಂಪಾಗಿತ್ತು.

ಮೊದಲು ಅವನು ಬಲೆಯ ಪಾಲು ತೆಗೆದ, ಮೂರರಲ್ಲಿ ಒಂದು, ಕಟ್ಟಳೆಯಂತೆ. ಅದನ್ನು ಚೆನ್ನಯ್ಯನ ಮುಂದೆ ಸುರಿದ. ಆಮೇಲೆ ಗುಪ್ಪೆ ಹಾಕಲು ಬಗ್ಗಿದ. ಮೊದಲ ಗುಪ್ಪೆ ಅಕ್ಕನ ಕಾಲ ಬುಡಕ್ಕೆ. ಎರಡನೆಯದು ವನಜಳಿಗೆ, ಮೂರನೆಯದು ಮದುಮಗನಿಗೆ. ಗುಲ್ವಾಡಿಯವರಿಗೆ, ಕೇರಿಯವರಿಗೆ, ಹೆಂಗಸರಿಗೆ, ಹಗ್ಗದ ತುದಿ ಮುಟ್ಟಿ ನಿಂತಿದ್ದ ಅಪ್ಪಿಗೆ. ಒಂದು ಕೈಯನ್ನೂ ಬಿಡಲಿಲ್ಲ.

“ಗುಡ್ಡಾ!”

ಗುಡ್ಡ ಬೆನ್ನು ನೆಟ್ಟಗೆ ಮಾಡಿದ. “ಇಪ್ಪತ್ ವರ್ಷದಿಂದ ನೀವೇ ನನ್ನ ಕೈ ಲಾಯ್ಕಿತ್ತ್ ಅಂದದ್ದ್ ಯಜಮಾನ್ರೆ. ತಪ್ಪಿದ್ರೆ ಎಣ್ಸಿ ಕಾಣಿ. ನಿಮ್ಮ ಬಲಿಯ ಪಾಲ್ ಅಲ್ಲಿತ್ತ್. ಕೈಯ ಪಾಲ್ ನಿಮ್ಗೆ ಇಲ್ಲೆ. ನೀವ್ ಹಗ್ಗ ಮುಟ್ಲಿಲ್ಲ.” ತನ್ನ ಗುಪ್ಪೆಯತ್ತ ಕೈ ತೋರಿಸಿ ಹೇಳಿದ: “ನನ್ನ ಗುಪ್ಪಿ ಇವತ್ತ್ ನಿಮ್ಮ ಕಳಕ್ಕೆ ಬತ್ತಿಲ್ಲೆ. ಅಕ್ಕನ ಹಿತ್ಲಿಗೆ ಹೋತ್ತ್.”

ಮೂವತ್ತು ಜನ ಗಂಡಸರು ಅವನ ಬಾಯನ್ನೇ ನೋಡುತ್ತಿದ್ದರು. ಒಬ್ಬ ಬಗ್ಗಿ ತನ್ನ ಗುಪ್ಪೆಯನ್ನು ಬುಟ್ಟಿಗೆ ತುಂಬಿ ಸುಂದರಿಯ ಮನೆಯ ಕಡೆ ನಡೆದ. ಅವನ ಹಿಂದೆ ಮತ್ತೊಬ್ಬ ಹೊರಟ, ಆಮೇಲೆ ಎಣಿಸಲು ಆಗಲಿಲ್ಲ.

ಧಾರೆ ಆಗುವಾಗ ಯಾರ ಬಟ್ಟೆಯೂ ಒಣಗಿರಲಿಲ್ಲ. ಮದುಮಗನ ಬಾಸಿಂಗ ಓರೆಯಾಗಿತ್ತು, ಹೆಣ್ಣಿನ ಸೀರೆಯ ಅಂಚಿಗೆ ಮರಳು ಮೆತ್ತಿತ್ತು, ಧಾರೆ ಎರೆದ ಸೋದರಮಾವನ ಕೈಯಲ್ಲಿ ಬಂಗುಡೆಯ ಹುರುಪೆ ಹೊಳೆಯುತ್ತಿತ್ತು. ಮುಹೂರ್ತ ತಪ್ಪಲಿಲ್ಲ. ಬಚ್ಚನ ಕೂವೆಮರದ ಬುಡದಲ್ಲಿ ನಿಂತು ಸುಂದರಿ ಕಣ್ತುಂಬ ನೋಡಿದಳು. ಹೀಗೊಂದು ಸಂತೋಷ ತನಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಊಟಕ್ಕೆ ಎಲೆ ಕಡಿಮೆ ಬೀಳಲಿಲ್ಲ, ಎಲ್ಲರನ್ನೂ ಮೊದಲೇ ಎಣಿಸಿದ್ದಳಲ್ಲ. ಚೆನ್ನಯ್ಯನ ಮನೆಯ ಏಳು ಎಲೆಯನ್ನೂ ಹಾಕಿಸಿ, ತಾನೇ ಅವನ ಬಾಗಿಲಿಗೆ ಹೋಗಿ ಕರೆದಳು. “ಊಟಕ್ಕೆ ಬನಿ ಯಜಮಾನ್ರೆ. ನಮ್ಮಲ್ಲಿ ಉಂಡ್ರೆ ಹಂಗ್ ಇಲ್ಲೆ.” ಅವನು ಬರಲಿಲ್ಲ. ಅವನ ಹೆಂಡತಿ ಮಕ್ಕಳು ಬಂದರು.

ಮಾರನೆಯ ದಿನ ಬೀಗರ ಊಟಕ್ಕೆ ಬಂಗುಡೆ ಎಷ್ಟಿತ್ತೆಂದರೆ ತಿಂದು, ಕೊಟ್ಟು, ಉಪ್ಪು ಹಾಕಿಟ್ಟರೂ ಮುಗಿಯಲಿಲ್ಲ. ದಿಬ್ಬಣ ಹೊರಟು ಹೋದ ಮೇಲೆ ಸಂಜೆ ಸುಂದರಿ ಮತ್ತೆ ಚಾಪೆ ಹಾಸಿ ಕೂತು ಲೆಕ್ಕ ನೋಡಿದಳು. ಆ ಹತ್ತು ಚಿಪ್ಪು ಹಾಗೇ ಉಳಿದಿತ್ತು.

ಅಪ್ಪಿ ಬಂದು ಕೂತಳು. ಕವಳ ಅಗಿಯುತ್ತ, ಚಪ್ಪರದ ಕಡೆ ನೋಡಿ, ಮೆಲ್ಲಗೆ ಕೇಳಿದಳು: “ಸುಂದರಿ, ನಮ್ಮ ಸುಗುಣನ ಮದಿ ಮಾತ್ ವೈಶಾಖಕ್ಕೆ ಆಯ್ತ್. ಚಪ್ಪರ ಯಾವತ್ತ್ ಬಿಚ್ತೆ?”

“ಬಿಚ್ಚುದಿಲ್ಲ,” ಎಂದಳು ಸುಂದರಿ. “ಸೋಗಿ ಒಣಗ್ರೆ ಹೊಸ್ತ್ ಹಾಕುವ. ಕಂಬ ಅಲ್ಲೇ ಇರ್ಲಿ.”

“ಅದಕ್ಕೆ ನಾವ್ ನಿಂಗೆ ಎಂತ ಕೊಡ್ಕ್?”

“ಅಪ್ಪಿಯಕ್ಕ, ಇನ್ನೊಂದ್ಸಲ ಆ ಮಾತ್ ಕೇಂಡ್ರೆ ಕಂಬ ಕಿತ್ತ್ ಒಲಿಗೆ ಹಾಕ್ತೆ,” ಎಂದು ಸುಂದರಿ ರೇಗಿದಳು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಸುಗುಣಳನ್ನು ಕರೆದು ಹತ್ತಿರ ಕೂರಿಸಿಕೊಂಡಳು. ಚಾಪೆಯ ಮೇಲಿದ್ದ ಹತ್ತು ಚಿಪ್ಪನ್ನು ಗೋರಿ ಅವಳ ಅಂಗೈಗೆ ಸುರಿದಳು.

“ತಕೊ ಹೆಣ್ಣೇ. ಎಣ್ಸೂಕೆ ಸುರು ಮಾಡ್.”